ಬಾಸ್ ಗಿಟಾರಿನ ಪೆಟ್ಟಿಗೆಯೂ ವಿಶಾಲಮ್ಮನವರ ಬಾಂಡೆ ಸಾಮಾನೂ

ಕೊಟ್ಟೂರಿನಲ್ಲಿ ಬಾಸ್ ಗಿಟಾರ್ ನುಡಿಸುವ ಗೃಹಿಣಿಯರ ಸಂಘವೊಂದು ಸ್ಥಾಪನೆಯಾಗಿದ್ದರೆ ಅದರ ಅಧ್ಯಕ್ಷೆ, ಉಪಾಧ್ಯಕ್ಷೆ, ಕಾರ್ಯದರ್ಶಿ ಮತ್ತು ಏಕೈಕ ಸದಸ್ಯೆ ನಾನೇ ಆಗಿರುತ್ತಿದ್ದೆ. ಜಂಭಕ್ಕೆ ಹೇಳುತ್ತಿಲ್ಲ. ನನ್ನ ಕೈಯಲ್ಲಿ ಒಂದು ವಿದ್ಯೆ ಇತ್ತು, ಮನೆಯಲ್ಲಿ ಒಂದು ಯಂತ್ರ ಇತ್ತು, ಇವೆರಡೂ ಸೇರಿದರೆ ಐದು ತಾಲ್ಲೂಕಿನ ಜನರು ಸಂಗೀತವೆಂದರೇನೆಂದು ತಿಳಿದುಕೊಳ್ಳುತ್ತಾರೆ ಎಂಬ ಪ್ರಾಮಾಣಿಕವಾದ ನಂಬಿಕೆ ಇತ್ತು. ನಂಬಿಕೆಯಲ್ಲಿ ತಪ್ಪೇನಿಲ್ಲ. ತಪ್ಪೆಲ್ಲ ಯಂತ್ರದ ಗುಂಡಿಯನ್ನು ತಿರುಗಿಸುವುದರಲ್ಲಿದೆ!

ನಾನು ಓದಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ. ಅಲ್ಲಿ ಮಾತಾಡುವಾಗ ಧ್ವನಿ ಏರಿಸುವಂತಿರಲಿಲ್ಲ, ಕೆಮ್ಮು ಬಂದರೆ ಕರವಸ್ತ್ರ ಹಿಡಿಯಬೇಕಿತ್ತು, ಕುರ್ಚಿಯನ್ನು ಎಳೆಯದೆ ಎತ್ತಿ ಇಡಬೇಕಿತ್ತು. ಹೀಗೆ ಹತ್ತು ವರ್ಷ ಸದ್ದು ಮಾಡದಿರುವುದನ್ನು ಕಲಿಸಿದ ಸಿಸ್ಟರುಗಳೇ ನನ್ನ ಕೈಗೆ ಬಾಸ್ ಗಿಟಾರನ್ನೂ ಕೊಟ್ಟರು. ಪ್ರಾರ್ಥನೆಯ ತಂಡ ಕಟ್ಟುವಾಗ ಎಲ್ಲ ಹುಡುಗಿಯರೂ ಆರು ತಂತಿಯ ಗಿಟಾರಿಗೆ ಮುಗಿಬಿದ್ದರು. ನಾಲ್ಕು ದಪ್ಪ ತಂತಿಯದೊಂದು ಮೂಲೆಯಲ್ಲಿ ಉಳಿಯಿತು. ಇನ್ನೊಂದು ಮೂಲೆಯಲ್ಲಿ ನಾನು ಉಳಿದಿದ್ದೆ. "ನಿಮ್ಮಿಬ್ಬರಿಗೂ ಸರಿಹೋಗುತ್ತದೆ" ಎಂದರು ಸಿಸ್ಟರ್.

ಬಾಸ್ ಗಿಟಾರೆಂದರೆ ಹಾಡೆಂಬ ಮನೆಗೆ ಬುನಾದಿ. ಹಾಡುವವಳು ಗೋಡೆ, ಕೀಬೋರ್ಡಿನವಳು ಸುಣ್ಣಬಣ್ಣ. ಗೃಹಪ್ರವೇಶಕ್ಕೆ ಬಂದವರು ಬಣ್ಣ ಚೆನ್ನಾಗಿದೆ ಅನ್ನುತ್ತಾರೆ, ಕಿಟಕಿ ದೊಡ್ಡದಾಯಿತು ಅನ್ನುತ್ತಾರೆ. ಬುನಾದಿ ಎಷ್ಟು ಚಂದ ಹಾಕಿಸಿದ್ದೀರಿ ಎಂದು ಯಾರೂ ಅಂದದ್ದನ್ನು ನಾನು ಕೇಳಿಲ್ಲ.

ಮದುವೆಯಾಗಿ ಹನ್ನೆರಡು ವರ್ಷ ಆ ವಿದ್ಯೆ ಬೆರಳಲ್ಲೇ ಮಲಗಿತ್ತು. ಅಷ್ಟರಲ್ಲಿ ಹಾಸ್ಟೆಲಿನ ಗೆಳತಿಯೊಬ್ಬಳ ಅಣ್ಣ, ಹುಬ್ಬಳ್ಳಿಯ ಆರ್ಕೆಸ್ಟ್ರಾದವನು, ಹೊಸದನ್ನು ಕೊಂಡು ತನ್ನ ಹಳೆಯ ಬಾಸ್ ಗಿಟಾರನ್ನೂ ಅದರ ಆಂಪ್ಲಿಫೈಯರನ್ನೂ ಮಾರುತ್ತಿದ್ದಾನೆಂದು ತಿಳಿಯಿತು. ಆ ವರ್ಷ ದೀಪಾವಳಿಗೆ ಸೀರೆ ಬೇಡವೆಂದೆ. ನನ್ನವರು ಗಾಬರಿಯಾಗಿ ಮೈ ಮುಟ್ಟಿ ಜ್ವರ ನೋಡಿದರು.

ಆಂಪ್ಲಿಫೈಯರೆಂದರೆ ಒಂದು ಕರಿಯ ಪೆಟ್ಟಿಗೆ. ಸ್ಪೀಕರೂ ಅದರೊಳಗೇ, ಸದ್ದು ಹಿಗ್ಗಿಸುವ ಯಂತ್ರವೂ ಅದರೊಳಗೇ. ತೂಕದಲ್ಲಿ ಅರ್ಧ ಚೀಲ ಶೇಂಗಾ. ಜೊತೆಗೆ ಗೆಳತಿಯ ಅಣ್ಣನ ಚೀಟಿಯೊಂದಿತ್ತು: "ಇದು ಸಾಲಿಡ್ ಸ್ಟೇಟ್ ಆಂಪ್ಲಿಫೈಯರ್. ಹಳೆಯ ರೇಡಿಯೋದಲ್ಲಿದ್ದಂಥ ಗಾಜಿನ ಬುರುಡೆ ಇದರಲ್ಲಿಲ್ಲ, ಎಲ್ಲ ಟ್ರಾನ್ಸಿಸ್ಟರ್. ಬಸ್ಸಿನ ಮೇಲೆ ಹಾಕಿ, ಎತ್ತಿ ಕುಕ್ಕಿ, ಇದಕ್ಕೆ ಏನೂ ಆಗುವುದಿಲ್ಲ." ನಿಜ, ಇವತ್ತಿನವರೆಗೂ ಅದಕ್ಕೆ ಏನೂ ಆಗಿಲ್ಲ. ಆಗುವುದೆಲ್ಲ ಸುತ್ತಮುತ್ತ ಇದ್ದವರಿಗೆ ಎಂದು ಆತ ಬರೆದಿರಲಿಲ್ಲ!

ಬಸ್ ಸ್ಟ್ಯಾಂಡಿಗೆ ಬಂದ ನನ್ನವರು ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಅವರದು ಬೋರ್‌ವೆಲ್ ಮೋಟಾರಿನ ಅಂಗಡಿ. ಲೋಕದ ಸಕಲ ವಸ್ತುವನ್ನೂ ಅವರು ಒಂದೇ ಪ್ರಶ್ನೆಯಿಂದ ಅಳೆಯುತ್ತಾರೆ.

"ಎಷ್ಟು ಎಚ್‌ಪಿ?"

"ಎಚ್‌ಪಿ ಅಲ್ಲರೀ, ವಾಟ್. ನೂರು ವಾಟ್."

"ಇಷ್ಟ? ನಮ್ಮ ಅಡಗಿಮನಿ ಬಲ್ಬಿನಷ್ಟ ಆತಲ್ಲ! ಇದರಿಂದ ಏನಾಗ್ತೈತಿ ಬಿಡು."

ಈ ಐತಿಹಾಸಿಕ ಅಭಿಪ್ರಾಯವನ್ನು ಅವರು ಮುಂದೆ ಹಿಂತೆಗೆದುಕೊಂಡರು. ಬಹಿರಂಗವಾಗಿ.

ಮನೆಯಲ್ಲಿ ಅತ್ತೆಯವರು ಪೆಟ್ಟಿಗೆಯನ್ನು ಆದರದಿಂದಲೇ ಬರಮಾಡಿಕೊಂಡರು. ಮೂರು ಬೆರಳಲ್ಲಿ ವಿಭೂತಿ ಎಳೆದರು, ಟೀವಿಗೆ ಹೊದಿಸಿದ್ದ ಕ್ರೋಶಾ ಬಟ್ಟೆಯ ಜೋಡಿಯನ್ನು ಹುಡುಕಿ ತಂದು ಹೊದಿಸಿದರು.

"ಬಟ್ಟಿ ಬ್ಯಾಡ್ರಿ ಅತ್ತೀ. ಹಚ್ಚಿದಾಗ ಹಿಂದ ಬಿಸಿ ಆಗ್ತೈತಿ, ಗಾಳಿ ಆಡಬೇಕು."

"ಬಿಸಿ ಆಗ್ತೈತೇನು?" ಅತ್ತೆಯವರ ಮುಖ ಅರಳಿತು. "ಹಂಗಾರ ಮಳಿಗಾಲದಾಗ ಹಪ್ಪಳಕ್ಕ ಅನುಕೂಲ ಆತು."

ಪಕ್ಕದ ಮನೆಯ ನೀಲಮ್ಮನವರು ಬಂದು ಕ್ಯಾಸೆಟ್ ಹಾಕುವ ಜಾಗವನ್ನು ಹುಡುಕಿದರು. ಇಲ್ಲವೆಂದು ತಿಳಿದು ಮರುಕಪಟ್ಟರು. ಪೆಟ್ಟಿಗೆಯಿಲ್ಲದೆ ಬಾಸ್ ಗಿಟಾರ್ ಮೂಕ. ನಾನು ಗಿಟಾರಿನ ವಯರನ್ನು ಪೆಟ್ಟಿಗೆಗೆ ಸಿಕ್ಕಿಸಿ, ಎಲ್ಲರಿಗೂ ಗೊತ್ತಿರುವ ಒಂದು ಭಕ್ತಿಗೀತೆಗೆ ಬಾಸ್ ನುಡಿಸಿದೆ. ದುಂ. ದುಂ. ದುಂದುಂ. ದುಂ.

"ಛಲೋ ಐತಿ. ಹಾಡು ಯಾವಾಗ ಶುರು ಆಗ್ತೈತಿ?" ಎಂದರು ನೀಲಮ್ಮ.

"ಮುಗೀತ್ರಿ."

ಅತ್ತೆಯವರು ನನ್ನ ಪರವಾಗಿ ಮಾತಾಡಿದರು. "ನಮ್ಮ ಎಮ್ಮಿ ಮೆಲುಕು ಹಾಕುವಾಗ ಹಿಂಗ ಅಂತಿತ್ತು ನೋಡ. ಮನಿಗೆ ಕಳಿ ಇತ್ತು."

ಇಂಥ ವಿಮರ್ಶೆಗೆ ಕುಗ್ಗುವವಳಲ್ಲ ನಾನು. ಆ ದಿನಗಳಲ್ಲಿ ನಮ್ಮೂರ ಶಶಿಕಲಾ ಟೀಚರು ಮಹಿಳೆಯರದೇ ಒಂದು ವಾದ್ಯವೃಂದ ಕಟ್ಟುತ್ತಿದ್ದರು. ಟೀಚರಿಗೆ ಕೀಬೋರ್ಡೂ ಬರುತ್ತಿತ್ತು, ಹಾಡೂ ಬರುತ್ತಿತ್ತು. ಡೋಲಕ್ಕಿಗೆ ಸರ್ಕಾರಿ ಆಸ್ಪತ್ರೆಯ ನರ್ಸ್ ಕಮಲಮ್ಮ. ಇಂಜೆಕ್ಷನ್ ಕೊಟ್ಟು ಪಳಗಿದ ಕೈ, ಪೆಟ್ಟು ತಪ್ಪುತ್ತಿರಲಿಲ್ಲ. ಮೂರನೆಯವಳು ನಾನು. ಮೈಕಿನ ಉಸ್ತುವಾರಿ ಮೈಕ್‌ಸೆಟ್ ಖಾಜಾ ಸಾಹೇಬರದು. ಐವತ್ತು ದಾಟಿದ ಮನುಷ್ಯ, ಐದು ತಾಲ್ಲೂಕಿನ ಮದುವೆ ಮುಂಜಿಗಳಲ್ಲಿ ಕಿವಿ ಕಳೆದುಕೊಳ್ಳದೆ ಉಳಿದ ಏಕೈಕ ವ್ಯಕ್ತಿ. ನನ್ನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ನಾಡಿ ನೋಡುವವರಂತೆ ಸ್ವಲ್ಪ ಹೊತ್ತು ಕೇಳಿದರು.

"ಅಕ್ಕಾರ, ಇದು ಕಿವಿಗೆ ಕೇಳೋ ಆವಾಜ್ ಅಲ್ಲರೀ. ನೆಲದಾಗ ಹೋಗೋ ಆವಾಜ್. ಜರಾ ನೋಡ್ಕೊಂಡು ತಿರುಗಸ್ರಿ." ವಾಲ್ಯೂಮಿನ ಗುಂಡಿಯನ್ನು ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿ, "ಇಲ್ಲಿ ತನಕ ನಿಮ್ದು. ಇದರ ಮುಂದಿಂದು ಅಲ್ಲಾಹುಂದು" ಎಂದರು.

ನಾನು ಆ ಜಾಗಕ್ಕೆ ಹಣೆಯ ಸ್ಟಿಕ್ಕರ್ ಟಿಕಳಿಯೊಂದನ್ನು ಅಂಟಿಸಿದೆ. ಮೆರೂನ್ ಬಣ್ಣದ್ದು. ಚೆನ್ನಾಗಿ ಕಾಣುತ್ತಿತ್ತು.

ಮೊದಲ ಕಾರ್ಯಕ್ರಮ ಕೂಡ್ಲಿಗಿಯಲ್ಲಿ, ಶಾಲೆಯೊಂದರ ವಾರ್ಷಿಕೋತ್ಸವ. ಒಂದೂವರೆ ತಾಸು ನಿಂತು ನುಡಿಸಿದೆ. ಬೆರಳ ತುದಿಗಳು ಬಾತುಕೊಂಡವು. ಮುಗಿದ ಮೇಲೆ ಒಬ್ಬ ತಾಯಿ ಹತ್ತಿರ ಬಂದು ಕಕ್ಕುಲತೆಯಿಂದ ಕೇಳಿದರು. "ಪಾಪ, ಅಷ್ಟೊತ್ತು ಹಿಡ್ಕೊಂಡು ನಿಂತಿದ್ರಿ. ಯಾಕ್ರಿ, ನಿಮಗ ಬಾರಸಾಕ ಕೊಡಲೇ ಇಲ್ಲ?"

ನನ್ನವರನ್ನು ನೋಡಿದೆ. ಮೊದಲ ಸಾಲಿನಲ್ಲೇ ಕೂತಿದ್ದರು. ಅವರಾದರೂ ಏನಾದರೂ ಹೇಳುತ್ತಾರೆಂದು.

"ನಾನೂ ಅದನ್ನ ಕೇಳೋಣು ಅಂತ ಮಾಡಿದ್ದೆ" ಎಂದರು.

ಎರಡನೆಯದು ಹರಪನಹಳ್ಳಿಯಲ್ಲಿ. ಅಲ್ಲಿ ಕುರ್ಚಿಯ ಕೊರತೆ. ಮುಖ್ಯ ಅತಿಥಿಗಳು, ನಿವೃತ್ತ ಅಧಿಕಾರಿಗಳು, ವೇದಿಕೆಗೆ ಬಂದವರೇ ಅತ್ತಿತ್ತ ನೋಡಿ ನನ್ನ ಪೆಟ್ಟಿಗೆಯ ಮೇಲೆ ಆಸೀನರಾದರು. ಎಬ್ಬಿಸುವುದು ಹೇಗೆ? ಕಾನ್ವೆಂಟಿನಲ್ಲಿ ಹಿರಿಯರನ್ನು ಎಬ್ಬಿಸುವುದನ್ನು ಕಲಿಸಿರಲಿಲ್ಲ. ಟೀಚರು ಸ್ವಾಗತಗೀತೆ ಎತ್ತಿಕೊಂಡರು, ನಾನೂ ನುಡಿಸಿದೆ. ಎರಡನೇ ಚರಣಕ್ಕೆ ಮುಖ್ಯ ಅತಿಥಿಗಳ ಗಲ್ಲ ಅದುರತೊಡಗಿತು. ಮೂರನೆಯದಕ್ಕೆ ಕನ್ನಡಕ ಮೂಗಿನ ತುದಿಗೆ ಬಂದು ನಿಂತಿತು. ಹಾಡು ಮುಗಿಯುತ್ತಲೇ ಎದ್ದು ನಿಂತ ಅವರು, ಎರಡು ಹಾಳೆಯಷ್ಟಿದ್ದ ಭಾಷಣವನ್ನು ಎರಡು ವಾಕ್ಯದಲ್ಲಿ ಮುಗಿಸಿ ಕೆಳಗಿಳಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು!

ಇಳಿಯುವಾಗ ನನ್ನ ಕಡೆ ಬಾಗಿ, "ಏನಮ್ಮಾ ಅದು, ನಡ ಎಲ್ಲ ಜುಂ ಅಂತೈತೆ! ಆದರೆ ಬೆಳಗ್ಗಿಂದ ಹಿಡಕೊಂಡಿತ್ತಲ್ಲ, ಅದು ಬಿಡ್ತು ನೋಡು" ಎಂದರು. ಸಂಗೀತದಿಂದ ರೋಗ ವಾಸಿಯಾಗುತ್ತದೆಂದು ಓದಿದ್ದೆ, ಇಷ್ಟು ಬೇಗ ಎಂದು ಗೊತ್ತಿರಲಿಲ್ಲ.

ಆದರೂ ನನ್ನ ಕೊರಗು ಉಳಿಯಿತು. ಅನುಭವಿಸಿದವರಿದ್ದರು, ಕೇಳಿದವರು ಒಬ್ಬರೂ ಇರಲಿಲ್ಲ.

ಆಗಲೇ ಹಗರಿಬೊಮ್ಮನಹಳ್ಳಿಯ ಮದುವೆ ಬಂತು. ನನ್ನವರ ಅಕ್ಕ ವಿಶಾಲಮ್ಮನವರ ಮಗಳ ಮದುವೆ. ಗಂಡಿನ ಕಡೆಯವರು ಹಡಗಲಿಯವರು, ತೂಕದ ಜನ. ಮದುವೆಗೆ ನಮ್ಮ ವಾದ್ಯವೃಂದವನ್ನೇ ಕರೆಸಬೇಕೆಂದು ಟೀಚರ ಆಸೆ, ನನ್ನ ಆಸೆ. ವಿಶಾಲಮ್ಮನವರದು ಬೇರೆ ವಿಚಾರ.

"ಆಡೋರು ಹಾಡೋರು ಬರಲಿ, ನಾ ಬ್ಯಾಡ ಅನ್ನೂದಿಲ್ಲ" ಎಂದರು ನಮ್ಮ ಮನೆಗೆ ಬಂದು, ಚಹಾದ ಕಪ್ಪು-ಬಸಿ ಕೆಳಗಿಟ್ಟು, ನನ್ನ ಕಡೆ ಕೈ ತೋರಿಸಿ. "ಆದ್ರ ಸುಜಾತಾ ಅದನ್ನ ಕೊಳ್ಳಾಗ ಹಾಕ್ಕೊಂಡು ನಿಂದರೂದು ಯಾಕ ಅಂತ ಕೇಳ್ತೀನಿ. ಏನೂ ಕೇಳಸೂದಿಲ್ಲ, ಏನೂ ಇಲ್ಲ. ಬೀಗರು ಕೇಳಿದ್ರ ಏನ್ ಹೇಳ್ಲಿ? ನಮ್ಮ ತಮ್ಮನ ಹೆಂಡ್ತಿಗೆ ನಿಂದ್ರೂ ಕೆಲಸ ಅಂತ ಹೇಳ್ಲೇನು?"

ನನ್ನ ಕಣ್ಣು ತುಂಬಿದ್ದನ್ನು ನೋಡಿ ನನ್ನವರು ಪಂಚಾಯ್ತಿಗೆ ಕೂತರು. ಕೂತು ಒಂದು ತೀರ್ಮಾನ ಕೊಟ್ಟರು.

"ಅಕ್ಕಾ, ಇದೊಂದು ಮದುವಿ ಬಾರಸ್ಲಿ. ಚಲೋ ಆತು, ಇಕಿ ಬಾರಸ್ಕೋತ ಇರ್ಲಿ, ಯಾರೂ ಮಾತಾಡಬ್ಯಾಡ್ರಿ. ನಿನ್ನ ಬಾಯಿಂದ ಒಂದು ದೂರು ಬಂತು, ಪೆಟಗಿ ನಮ್ಮ ಅಂಗಡಿಗೆ. ಮುಗೀತು."

ಪೆಟ್ಟಿಗೆ ಅಂಗಡಿಗೆ ಹೋದರೆ ಅಲ್ಲಿಂದ ಮರಳಿ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ನನ್ನ ಹೊಲಿಗೆ ಮಷಿನ್ನಿನ ಮೋಟಾರು ಹಾಗೆಯೇ ಹೋಗಿ ಈಗ ಯಾವುದೋ ತೋಟದಲ್ಲಿ ಕೆಲಸ ಮಾಡುತ್ತಿದೆ. ಹೀಗೆ ನನ್ನ ಇಡೀ ಕಲಾಜೀವನ ಒಂದು ಮದುವೆಯ ಮೇಲೆ, ಅದೂ ವಿಶಾಲಮ್ಮನವರ ಬಾಯಿಯ ಮೇಲೆ ನಿಂತಿತು.

ಮದುವೆಯ ದಿನ ಕಲ್ಯಾಣ ಮಂಟಪಕ್ಕೆ ಹೋಗಿ ಮೊದಲು ವೇದಿಕೆ ನೋಡಿದೆ. ಸಿಮೆಂಟಿನದಲ್ಲ, ಹಲಗೆ ಹೊಡೆದದ್ದು. ಒಳಗೆ ಟೊಳ್ಳು. ನಡೆದರೆ ದಬದಬ ಎನ್ನುತ್ತಿತ್ತು. ನನ್ನ ಪೆಟ್ಟಿಗೆಗೆ ಇದು ಒಳ್ಳೆಯ ಜಾಗ, ಸದ್ದು ತುಂಬಿ ಬರುತ್ತದೆ ಎಂದು ಹಿಗ್ಗಿದೆ. ವೇದಿಕೆಯ ನಡುವೆ ವಧೂವರರ ಸೋಫಾ, ಬಲಗಡೆ ನಾವು, ಎಡಗಡೆ ಬಾಂಡೆ ಸಾಮಾನು.

ಬಾಂಡೆ ಸಾಮಾನಿನ ಬಗ್ಗೆ ಸ್ವಲ್ಪ ಹೇಳಬೇಕು. ಮಗಳ ಜೊತೆ ಕಳಿಸುವ ಪಾತ್ರೆಗಳನ್ನೆಲ್ಲ ಎಲ್ಲರಿಗೂ ಕಾಣುವಂತೆ ಜೋಡಿಸಿಡುವುದು ನಮ್ಮ ಕಡೆಯ ಪದ್ಧತಿ. ಬೀಗರು ನಮಸ್ಕಾರ ಮಾಡುವುದು ನಮಗೆ, ನೋಡುವುದು ಅದನ್ನು. ವಿಶಾಲಮ್ಮನವರು ನಸುಕಿನಿಂದ ಅದರ ಮುಂದೆ ಮಂಡಿಯೂರಿದ್ದರು. ಮೂರು ಮೆಟ್ಟಿಲಿನ ಬೆಂಚಿಗೆ ಬಿಳಿ ಪಂಚೆ ಹಾಸಿ, ಕೆಳಗೆ ಹಂಡೆ, ಅದರ ಮೇಲೆ ಹಿಟ್ಟು ಕಲಸುವ ಪರಾತ, ಪರಾತದ ಮೇಲೆ ಅನ್ನ ಬೇಯಿಸುವ ಡಬರಿ, ಡಬರಿಯ ಮೇಲೆ ಡಬ್ಬಿ, ಡಬ್ಬಿಗಳ ಮೇಲೆ ತಾಟು, ತಾಟಿನ ಮೇಲೆ ತಂಬಿಗೆ. ಗೋಪುರ! ಎಲ್ಲಕ್ಕೂ ತುದಿಯಲ್ಲಿ ನಾವು ಕೊಟ್ಟ ಸ್ಟೀಲಿನ ಕೊಡ.

"ತಮ್ಮನ ಮನೀದು ಅಂತ ಮ್ಯಾಲಿಟ್ಟೀನಿ ನೋಡವಾ" ಎಂದರು ನನ್ನ ಕಡೆ ತಿರುಗಿ, ಅಪರೂಪಕ್ಕೆ ಮೃದುವಾಗಿ. ನನಗೆ ಸ್ವಲ್ಪ ಮುಜುಗರವಾಯಿತು. ಅದು ನಮ್ಮ ಅಟ್ಟದ ಮೇಲೆ ವರ್ಷಗಟ್ಟಲೆ ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿದ್ದ ಕೊಡ. ಹುಣಸೆಹಣ್ಣಿನಲ್ಲಿ ತಿಕ್ಕಿ, ಹೊಸ ಬಣ್ಣದ ಕಾಗದ ಸುತ್ತಿ ತಂದಿದ್ದೆ. ಎಲ್ಲರೂ ಮಾಡುವುದೇ. ಯಾರೂ ಹೇಳುವುದಿಲ್ಲ ಅಷ್ಟೆ.

ಅಕ್ಕಿಕಾಳು ಬಿದ್ದವು, ಮದುವೆ ಸುಸೂತ್ರವಾಗಿ ಆಯಿತು. ಜನ ಒಂದು ಕಡೆ ಊಟಕ್ಕೆ, ಒಂದು ಕಡೆ ವಧೂವರರನ್ನು ಹರಸಲು ಸಾಲು ಹಚ್ಚಿದರು. ನಮ್ಮ ವಾದನ ಆರಂಭವಾಯಿತು. ಗುಂಡಿ ಟಿಕಳಿಯ ಹತ್ತಿರವೇ ಇತ್ತು. ಆಣೆಯಿಟ್ಟು ಹೇಳುತ್ತೇನೆ.

ಎರಡು ಹಾಡು ಚೆನ್ನಾಗಿಯೇ ನಡೆಯಿತು. ಮೂರನೆಯದರ ಮಧ್ಯೆ, ಸೋಫಾದ ಹಿಂದೆ ನಿಂತಿದ್ದ ಬೀಗಿತ್ತಿ, ವರನ ತಾಯಿ, ವಿಶಾಲಮ್ಮನವರನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಆ ಮೂಲ್ಯಾಗ ನಿಂತಾರಲ್ಲ, ಅವರು ಯಾರ್ರಿ? ಅವರದು ಕೆಟ್ಟೈತೇನು?"

"ನಮ್ಮ ತಮ್ಮನ ಹೆಂಡ್ತಿ. ಕೆಟ್ಟಿಲ್ಲ, ಅದು ಇರೂದ ಹಂಗ. ಹಿಡ್ಕೊಂಡು ನಿಂದರತಾಳ ಅಷ್ಟ."

ಇಬ್ಬರೂ ನಕ್ಕರು.

ಹತ್ತು ವರ್ಷ ಕುರ್ಚಿ ಎಳೆಯದೆ ಎತ್ತಿ ಇಟ್ಟವಳು ನಾನು. ಧ್ವನಿ ಏರಿಸದವಳು. ಆದರೆ ಆ ನಗು ಕೇಳಿದ್ದೇ ನನ್ನ ಕೈ ತಾನಾಗಿ ಹಿಂದೆ ಹೋಯಿತು. ಟಿಕಳಿ ದಾಟಿದೆ.

ಮೊದಲಿಗೆ ಏನೂ ಆಗಲಿಲ್ಲ. ಆಮೇಲೆ ವರನ ಬಾಸಿಂಗದ ಮುತ್ತುಗಳು ಮೆಲ್ಲಗೆ ತೂಗಾಡತೊಡಗಿದವು. ವರ ಹೆದರಿಕೊಂಡು ಕೂತಲ್ಲೇ ಬಿಗಿಯಾದ. ಮುತ್ತುಗಳು ಇನ್ನೂ ಜೋರಾಗಿ ಆಡಿದವು. ಅದೇ ಹೊತ್ತಿಗೆ ಎಲ್ಲಿಂದಲೋ ಸಣ್ಣಗೆ ಝಣ್ ಝಣ್ ಎಂಬ ಸದ್ದು, ನನ್ನ ತಾಳಕ್ಕೆ ಸರಿಯಾಗಿ. ಕಮಲಮ್ಮ ಕಾಲಿಗೆ ಗೆಜ್ಜೆ ಕಟ್ಟಿಕೊಂಡಿದ್ದಾರೆ, ಎಂಥ ಜಾಣೆ ಎಂದುಕೊಂಡೆ. ಹುರುಪು ಬಂತು. ಗುಂಡಿಯನ್ನು ಇನ್ನಷ್ಟು ತಿರುಗಿಸಿದೆ.

ಟೀಚರು ಹಾಡುತ್ತಲೇ ನನ್ನ ಕಡೆ ಹುಬ್ಬು ಹಾರಿಸಿದರು. ಮೆಚ್ಚುಗೆ! ನಾನೂ ಹುಬ್ಬು ಹಾರಿಸಿದೆ. ಮಂಟಪದ ಆ ತುದಿಯಲ್ಲಿ ಖಾಜಾ ಸಾಹೇಬರು ಮೈಕು ಹಿಡಿದುಕೊಂಡೇ ಎರಡೂ ಕೈ ಎತ್ತಿ ಬೀಸುತ್ತಿದ್ದರು. ಕಣ್ಣಲ್ಲಿ ನೀರು ಬಂತು. ಕೊನೆಗೂ ಒಬ್ಬರಿಗೆ ಕೇಳಿಸಿತು! ಅವರಿಗೆ ತಲೆಬಾಗಿ ವಂದಿಸಿ, ಆ ಮೆಚ್ಚುಗೆಗೆ ಕೃತಜ್ಞತೆಯಾಗಿ ಹಾಡಿನ ಕೊನೆಗೆ ಅತಿ ದಪ್ಪ ತಂತಿಯ ಅತಿ ಕೆಳಗಿನ ಸ್ವರವನ್ನು ಹಿಡಿದು ನಿಲ್ಲಿಸಿದೆ.

ಆ ಸ್ವರದ ಜೊತೆಗೇ ಎಡಗಡೆಯ ಪಾತ್ರೆಗಳು ನಡೆದು ಬಂದವು.

ಹೌದು, ನಡೆದೇ ಬಂದವು. ಅಲ್ಲಿಯ ತನಕ ಒಂದೊಂದೇ ಬೆರಳಿನಷ್ಟು ಸರಿಯುತ್ತಿದ್ದವಂತೆ. ನಾನು ನೋಡಿದಾಗ ತಂಬಿಗೆಗಳು ಅಂಚಿಗೆ ಬಂದು ಸಾಲಾಗಿ ನಿಂತಿದ್ದವು, ವಧೂವರರನ್ನು ಹರಸಲು ಬಂದವರ ಹಾಗೆ. ಮೊದಲು ಒಂದು ತಂಬಿಗೆ ಬಿತ್ತು. ಅದರ ಹಿಂದೆ ತಾಟು. ಆಮೇಲೆ ಎಣಿಸುವುದಕ್ಕಾಗಲಿಲ್ಲ. ಗೋಪುರ ಪೂರ್ತಿ ಕುಸಿದು, ಡಬರಿ ಪರಾತಗಳು ಹಲಗೆಯ ಮೇಲೆ ಉರುಳಿ, ಮೆಟ್ಟಿಲಿಳಿದು, ಊಟದ ಪಂಕ್ತಿಗಳ ನಡುವೆ ಹೊರಟವು. ಗೋಧಿ ಹುಗ್ಗಿ ಬಡಿಸುತ್ತಿದ್ದವರು ಬಕೆಟ್ ಎತ್ತಿ ಹಿಡಿದು ದಾರಿ ಬಿಟ್ಟುಕೊಟ್ಟರು. ನಾನು ತಂತಿಯನ್ನು ಬಿಟ್ಟಿರಲಿಲ್ಲ. ಗಾಬರಿಯಲ್ಲಿ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದೆ!

ಇಷ್ಟಕ್ಕೇ ಮುಗಿದಿದ್ದರೆ ಬಿದ್ದ ಪಾತ್ರೆಗಳನ್ನು ಎತ್ತಿಡಬಹುದಿತ್ತು. ಆದರೆ ನಮ್ಮ ಕಡೆ ಪಾತ್ರೆ ಕೊಡುವವರು ಅಂಗಡಿಯಲ್ಲೇ ಅದರ ಮೇಲೆ ಹೆಸರು ಕೊರೆಸುತ್ತಾರೆ. ಚುಕ್ಕಿ ಚುಕ್ಕಿ ಅಕ್ಷರದಲ್ಲಿ, ಕೊಟ್ಟವರ ಹೆಸರು, ಯಾರ ಮದುವೆಗೆ ಎಂಬುದು, ಎಲ್ಲ. ಜೋಡಿಸುವಾಗ ಆ ಭಾಗ ಹಿಂದಕ್ಕೆ ಹೋಗುತ್ತದೆ. ಉರುಳುವಾಗ ಎಲ್ಲ ಭಾಗವೂ ಮುಂದಕ್ಕೆ ಬರುತ್ತದೆ.

ಖಾಜಾ ಸಾಹೇಬರು ಉಪಕಾರದ ಮನುಷ್ಯ. ಜಾತ್ರೆ ಸಂತೆಗಳಲ್ಲಿ ಕಳೆದುಹೋದ ಸಾಮಾನನ್ನು ಮೈಕಿನಲ್ಲಿ ಕೂಗಿ ವಾರಸುದಾರರಿಗೆ ಮುಟ್ಟಿಸಿ ರೂಢಿ. ಕಾಲಿಗೆ ಬಂದು ತಗುಲಿದ ಪರಾತವನ್ನು ಎತ್ತಿ, ಕನ್ನಡಕ ಏರಿಸಿ, ಮೈಕಿನಲ್ಲಿ ಓದಿಯೇಬಿಟ್ಟರು.

"ಹಡಗಲಿ ಶಿವಲಿಂಗಪ್ಪ ಅವರದು ಒಂದು ಪರಾತ ಸಿಕ್ಕೈತಿ. ಹಡಗಲಿ ಶಿವಲಿಂಗಪ್ಪ ಅವರು ಇಲ್ಲೇ ಇದ್ರ ಬಂದು ತಗೊಂಡು ಹೋಗ್ಬೇಕು."

ಶಿವಲಿಂಗಪ್ಪನವರು ವರನ ಸೋದರಮಾವ. ಅಲ್ಲೇ ಎರಡನೇ ಪಂಕ್ತಿಯಲ್ಲಿ ಹುಗ್ಗಿ ಉಣ್ಣುತ್ತಿದ್ದರು. ಎಂಜಲು ಕೈಯಲ್ಲೇ ಎದ್ದು ಬಂದು ಪರಾತ ನೋಡಿದರು.

"ನಂದ ಇದು! ನಾನು ಹರಪನಹಳ್ಳ್ಯಾಗ ನನ್ನ ದೋಸ್ತನ ಮಗಳ ಮದುವಿಗೆ ಕೊಟ್ಟಿದ್ದು! ಇಲ್ಲಿ ಹ್ಯಾಂಗ ಬಂತು?"

ಹರಪನಹಳ್ಳಿಯ ಆ ದೋಸ್ತರೂ ಮದುವೆಗೆ ಬಂದಿದ್ದರು. ಅವರಿಗೆ ಆ ಕ್ಷಣದಲ್ಲಿ ಜರೂರಾಗಿ ಕೈ ತೊಳೆಯಬೇಕೆನಿಸಿತು.

ಖಾಜಾ ಸಾಹೇಬರು ಮುಂದಿನದನ್ನು ಎತ್ತಿಕೊಂಡರು. ಒಂದು ಡಬರಿ ಕೂಡ್ಲಿಗಿಯ ನಾಮಕರಣದ್ದು, ಒಂದು ತಾಟು ಹಂಪಸಾಗರದ ಗೃಹಪ್ರವೇಶದ್ದು. ವಿಶಾಲಮ್ಮನವರು ಮಗಳಿಗೆಂದು ಹೊಸದಾಗಿ ಕೊಂಡದ್ದೆಂದು ಬೀಗರಿಗೆ ತೋರಿಸಿದ್ದ ಸಾಮಾನು, ಹತ್ತು ವರ್ಷಗಳ ಊರೂರಿನ ಶುಭಕಾರ್ಯಗಳ ಇತಿಹಾಸವಾಗಿ ಧ್ವನಿವರ್ಧಕದಲ್ಲಿ ಮೊಳಗತೊಡಗಿತು. ಟೀಚರು "ಸಾಕ್ರೀ ಸಾಹೇಬ್ರ" ಎಂದು ಕೈಮುಗಿದರು. ಖಾಜಾ ಸಾಹೇಬರು, "ಇನ್ನೊಂದ ಐತಿ ಟೀಚರ, ಪಾಪ ಯಾರದೋ ಏನೋ" ಎಂದು ಕೊನೆಯದನ್ನು ಎತ್ತಿದರು.

ಸ್ಟೀಲಿನ ಕೊಡ. ತಲೆಕೆಳಗಾಗಿತ್ತು.

"ಬುಡದಾಗ ಬರದಾರ ನೋಡ್ರಿ. 'ಚಿರಂಜೀವಿ ಸೌಭಾಗ್ಯವತಿ ಸುಜಾತಾಳ ಮದುವೆಗೆ ಪ್ರೀತಿಯಿಂದ, ವಿಶಾಲಮ್ಮ, ಹಗರಿಬೊಮ್ಮನಹಳ್ಳಿ.' ವಿಶಾಲಮ್ಮನವರು ಎಲ್ಲಿದ್ರೂ ಬಂದು ತಮ್ಮ ಕೊಡ ತಗೊಂಡು ಹೋಗ್ಬೇಕು."

ಸಣ್ಣಸಣ್ಣದ್ದನ್ನೂ ಗಮನಿಸುವವಳೆಂದು ಕಾನ್ವೆಂಟಿನ ಪ್ರಗತಿಪತ್ರದಲ್ಲಿ ಬರೆಸಿಕೊಂಡವಳು ನಾನು. ಕೊಡದ ಕಂಠ ತಿಕ್ಕಿದ್ದೆ, ಹೊಟ್ಟೆ ತಿಕ್ಕಿದ್ದೆ. ಬುಡ ನೋಡಿರಲಿಲ್ಲ!

ಮಂಟಪ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ನನ್ನ ಪೆಟ್ಟಿಗೆ ಮಾತ್ರ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಈಗ ಎಲ್ಲರಿಗೂ ಕೇಳಿಸಿತು.

ವಿಶಾಲಮ್ಮನವರು ಮುಂದೆ ಬಂದು ಕೊಡವನ್ನು ಕೈಗೆ ತೆಗೆದುಕೊಂಡರು. ಒಮ್ಮೆ ಬುಡ ನೋಡಿದರು, ಒಮ್ಮೆ ನನ್ನನ್ನು.

"ನಾ ಕೊಟ್ಟ ಕೊಡ ನನಗ ತಂದಿ, ಇರ್ಲಿ" ಎಂದರು. "ಅದನ್ನ ಉರುಳಿಸಿ ನನ್ನ ಮಾನ ಯಾಕ ತಗದಿ?"

"ಅಕ್ಕಾರ, ನಾ ಬರೇ ಒಂದು ಸ್ವರ..."

"ಆ ಸ್ವರಕ್ಕ ಬೆಂಕಿ ಹತ್ತಲಿ!"

ದೂರು ಬಂದಂತಾಯಿತು. ಅಷ್ಟರಲ್ಲಿ ಬೀಗಿತ್ತಿಯ ನಗು ಸ್ಫೋಟಿಸಿತು. ಸೆರಗು ಬಾಯಿಗೆ ಹಿಡಿದು, ಬೆಂಚಿನ ಮೇಲೆ ಕೂತು, ಕಣ್ಣೊರೆಸಿಕೊಂಡು ನಕ್ಕರು. "ಬಿಡ್ರಿ ವಿಶಾಲಮ್ಮ. ನಮ್ಮ ಮನಿ ಅಟ್ಟದ ಮ್ಯಾಲಿಂದು ಉರುಳಿದ್ರ ಇದರ ಅಪ್ಪನ್ಹಂಗ ಇರ್ತೈತಿ!" ಎಂದರು. ಮದುಮಗಳೂ ನಕ್ಕಳು. ಒಬ್ಬೊಬ್ಬರೇ ನಕ್ಕರು. ಪಾತ್ರೆಗಳನ್ನು ಎತ್ತಿಕೊಟ್ಟವರೆಲ್ಲ ಬುಡ ಓದಿಯೇ ಎತ್ತಿಕೊಟ್ಟರು. ವಿಶಾಲಮ್ಮನವರು ಮಾತ್ರ ನಗಲಿಲ್ಲ. ನಾನೂ ನಗಲಿಲ್ಲ.

ನನ್ನವರು ಬಂದು ವೇದಿಕೆ, ಪೆಟ್ಟಿಗೆ, ನೆಲದ ಮೇಲಿನ ಹಂಡೆ ಎಲ್ಲವನ್ನೂ ತಜ್ಞರಂತೆ ಪರಿಶೀಲಿಸಿದರು.

"ನೂರು ವಾಟ್ ಅಂದಿದ್ದಿ ಅಲ್ಲಾ?"

"ಹೌದ್ರಿ."

"ನಾ ಬಲ್ಬಿಗೆ ಹೋಲಿಸಿದ್ದು ತಪ್ಪಾತು" ಎಂದು ಎಲ್ಲರೆದುರು ಒಪ್ಪಿಕೊಂಡರು. "ಐದು ಎಚ್‌ಪಿ ಮೋಟಾರಿಗೂ ಇಂಥಾ ಎತ್ತೋ ತಾಕತ್ತು ಇಲ್ಲ." ಆಮೇಲೆ ಪೆಟ್ಟಿಗೆಯ ಹಿಡಿಕೆಗೆ ಕೈಹಾಕಿದರು. ನಾನು ಅಡ್ಡ ಬರಲಿಲ್ಲ. ಮಾತು ಮಾತೇ.

ಪೆಟ್ಟಿಗೆ ಅಂಗಡಿ ಸೇರಿತು. ಅದರ ಮೇಲೆ ಹೊಸ ಮೋಟಾರೊಂದನ್ನು ಕೂರಿಸಿ ಹಾರ ಹಾಕಿದ್ದಾರೆ. ಗಿರಾಕಿಗಳು ಬಂದು ಮೋಟಾರು ನೋಡುತ್ತಾರೆ, ಕೆಳಗಿನದನ್ನು ಯಾರೂ ನೋಡುವುದಿಲ್ಲ.

ಒಂದು ತಿಂಗಳು ನಾನು ಮನೆ ಬಿಟ್ಟು ಹೊರಬೀಳಲಿಲ್ಲ. ಒಂದು ಮಧ್ಯಾಹ್ನ ಶಶಿಕಲಾ ಟೀಚರು ಬಂದರು.

"ಬರೋ ವಾರ ಹಡಗಲಿಯೊಳಗ ಮಹಿಳಾ ಮಂಡಳದ ಕಾರ್ಯಕ್ರಮ ಐತಿ. ನೀವು ಬರಬೇಕು."

"ಪೆಟಗಿ ಇಲ್ಲಲ್ರಿ ಟೀಚರ."

ಟೀಚರು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಬೆರಳಿಟ್ಟರು. "ಅದಕ್ಕ ಕರಿಯಾಕ ಬಂದೀನಿ" ಎಂದರು. "ಮೂರು ಮಂದಿ ಅಂತ ಹೇಳೀವಿ. ಸ್ಟೇಜಿನ ಮ್ಯಾಲೆ ಮೂರು ಮಂದ್ಯರ ಕಾಣಬೇಕಲ್ಲ. ನೀವು ಬರ್ರಿ. ಸುಮ್ನ ಬಾರಿಸ್ರಿ."

ಒಪ್ಪಬಾರದಿತ್ತು. ಸ್ವಾಭಿಮಾನ ಎಂಬುದೊಂದಿರುತ್ತದೆ. ಆದರೆ ತಿಂಗಳಿಂದ ತಂತಿ ಮುಟ್ಟದ ಬೆರಳುಗಳು ಸೀರೆಯ ಅಂಚಿನ ಮೇಲೆ ತಾವೇ ಆಡುತ್ತಿದ್ದವು. ಹೋದೆ.

ಹಡಗಲಿಯಲ್ಲಿ ಮಲ್ಲಿಗೆ ಮುಡಿದು, ಗಿಟಾರ್ ಕೊರಳಿಗೆ ಹಾಕಿಕೊಂಡು ನಿಂತೆ. ವಯರಿನ ಒಂದು ತುದಿ ಗಿಟಾರಿನಲ್ಲಿತ್ತು. ಎಂಟು ಹಾಡಿಗೂ ಒಂದು ಸ್ವರ ಬಿಡದೆ, ಒಂದು ಪೆಟ್ಟು ತಪ್ಪದೆ ನುಡಿಸಿದೆ. ಕಾನ್ವೆಂಟು ಬಿಟ್ಟ ಮೇಲೆ ಅಷ್ಟು ಚೆನ್ನಾಗಿ ನುಡಿಸಿದ್ದು ಅದೇ ಮೊದಲು. ಆಣೆಗೂ ಕೈಗೆ ಕಚಗುಳಿಯಿಟ್ಟ ಹಾಗಿತ್ತು. ಅದು ನನಗಂತೂ ಗೊತ್ತು, ಇನ್ನೊಬ್ಬರಿಗೆ ಗೊತ್ತಾಗುವ ಬಗೆಯಿರಲಿಲ್ಲ.

ಮುಗಿದ ಮೇಲೆ ಮೊದಲ ಸಾಲಿನಿಂದ ಒಬ್ಬರು ದಡದಡ ವೇದಿಕೆ ಹತ್ತಿ ಬಂದರು. ನೋಡಿದರೆ ಅದೇ ಬೀಗಿತ್ತಿ! ನನ್ನ ಎರಡೂ ಕೈ ಹಿಡಿದುಕೊಂಡರು. ಇಷ್ಟು ವರ್ಷದಲ್ಲಿ ನನ್ನ ಸಂಗೀತವನ್ನು ಮೆಚ್ಚಿ ವೇದಿಕೆ ಹತ್ತಿದ ಮೊಟ್ಟಮೊದಲ ವ್ಯಕ್ತಿ.

"ಸುಳ್ಳು ಹೇಳೂದಿಲ್ರಿ, ಮದುವ್ಯಾಗ ನಿಮ್ಮದು ನನಗ ಅಷ್ಟು ಸೇರಿರಲಿಲ್ಲ" ಎಂದರು. "ಆದ್ರ ಇವತ್ತು ಬಾರಿಸಿದ್ರಿ ನೋಡ್ರಿ! ಏನು ಇಂಪು! ಹಿಂಗ ಬಾರಿಸ್ಕೋತ ಹೋಗ್ರಿ, ಬಿಡಬ್ಯಾಡ್ರಿ."

"ಭಾಳ ಉಪಕಾರ ಆತ್ರಿ" ಎಂದೆ, ಕಾನ್ವೆಂಟಿನಲ್ಲಿ ಕಲಿಸಿದಂತೆ, ಧ್ವನಿ ಏರಿಸದೆ. ವಯರಿನ ಇನ್ನೊಂದು ತುದಿ ಕಾಣದಂತೆ ಸೆರಗು ಸರಿಮಾಡಿಕೊಂಡೆ. ಅದನ್ನು ನಡುವಿಗೆ ಸಿಕ್ಕಿಸಿಕೊಂಡಿದ್ದೆ.